ಬಲಗಿವಿಯ ಮೇಷ್ಟ್ರು

ನಮ್ಮ ರಬ್ಬರ್ ತೋಟದಲ್ಲಿ ಒಂದು ಉಪನ್ಯಾಸವೆಂದರೆ ತೊಂಬತ್ತು ಮರ.

ಇದು ನಾನು ಯೋಚಿಸಿ ಮಾಡಿದ ಏರ್ಪಾಡಲ್ಲ, ತಾನಾಗಿ ಒದಗಿದ್ದು. ಕೋಡಿಂಬಾಳದ ನಮ್ಮ ಗುಡ್ಡೆಯ ಮೇಲಿನ ಭಾಗದಲ್ಲಿ ತೊಂಬತ್ತು ಮರಗಳಿವೆ, ಕೆಳಗಿನ ಭಾಗದಲ್ಲಿ ಎರಡು ಕಡಿಮೆ. ಒಂದು ದಿನ ಮೇಲಿನವುಗಳ ತೊಗಟೆ ಕೆತ್ತಿದರೆ ಮರುದಿನ ಕೆಳಗಿನವು. ಕತ್ತಿ ತಾಗಿದ ಮರಕ್ಕೆ ಒಂದು ದಿನದ ಬಿಡುವು ಕೊಡಬೇಕು. ನಾನು ಹೊಸಬಳಾದ್ದರಿಂದ ಕೈ ನಿಧಾನ. ಬೆಳಕು ಹರಿಯುವಾಗ ಮೊದಲನೆಯ ಮರದ ಬುಡದಲ್ಲಿ ನಿಂತು ಫೋನು ಒತ್ತಿದರೆ, ಕೊನೆಯ ಮರದಲ್ಲಿ ರಬ್ಬರ್ ಹಾಲು ಹಿಡಿಯುವ ಗೆರಟೆಯನ್ನು ನೇರ ಮಾಡಿ ಇಡುವ ಹೊತ್ತಿಗೆ ಸಮುದ್ರದಾಚೆಯ ಮೇಷ್ಟ್ರು ಒಮ್ಮೆ ಕೆಮ್ಮಿ, ಇವತ್ತಿಗೆ ಇಷ್ಟು ಸಾಕು ಎನ್ನುತ್ತಿದ್ದರು. ಮೊದಲ ಸಲ ಹೀಗೆ ಸರಿಯಾಗಿ ಕೂಡಿಬಂದ ದಿನ ತೋಟದ ನಡುವೆ ಒಬ್ಬಳೇ ನಿಂತು ನಕ್ಕಿದ್ದೆ. ದಿನಚರಿಯಲ್ಲಿ ಆ ದಿನದ ಎದುರು ಒಂದು ನಕ್ಷತ್ರ ಹಾಕಿದ್ದೇನೆ.

ಮೊದಲು ನಮ್ಮಲ್ಲಿ ಟ್ಯಾಪಿಂಗ್, ಅಂದರೆ ಈ ಕೆತ್ತುವ ಕೆಲಸ, ಮಾಡುತ್ತಿದ್ದವರು ಮಗಳ ಮದುವೆಗೆಂದು ಕೇರಳಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು. ಅಪ್ಪ ಸುಳ್ಯದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿರುವುದರಿಂದ ಬೆಳಗಿನ ಬಸ್ಸಿಗೇ ಹೊರಡಬೇಕು. ಅಮ್ಮನಿಗೆ ಗುಡ್ಡೆ ಹತ್ತಿದರೆ ಮೊಣಕಾಲು ನೋವು. ಉಳಿದವಳು ನಾನು. ಪುತ್ತೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಪ್ರವೇಶ ಪರೀಕ್ಷೆ ಬರೆದು, ಸೀಟು ಸಿಗದೆ ಮನೆಯಲ್ಲಿ ಕುಳಿತಿದ್ದೆ. ಕತ್ತಿ ನನ್ನ ಕೈಗೆ ಬಂತು.

ಅಮ್ಮನ ಜೊತೆ ಒಂದು ಒಪ್ಪಂದವೂ ಆಗಿತ್ತು.

"ಇನ್ನೊಂದು ಸಲ ಬರೆ. ನಾನು ಬೇಡ ಹೇಳುದಿಲ್ಲ," ಅಂದಿದ್ದಳು ಅಮ್ಮ. "ಈ ಸಲವೂ ಆಗದಿದ್ರೆ ಬಿ.ಎಡ್. ಸೇರುದು. ಮತ್ತೆ ಮುಖ ಊದಿಸಿಕೊಂಡು ತಿರುಗ್ಲಿಕ್ಕಿಲ್ಲ."

"ಆಯ್ತು."

"ಆಯ್ತು ಅಂತ ಬರೆದು ಇಡು. ಎಲ್ಲ ಬರೀತಿ ಅಲ್ವಾ, ಇದನ್ನೂ ಬರಿ."

ಬರೆದಿಟ್ಟೆ. ಟೀಚರಾಗುವುದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಾನು ಐದನೇ ಕ್ಲಾಸಿನಿಂದ ಕಂಡದ್ದನ್ನೆಲ್ಲ ಎಣಿಸಿ ಬರೆದಿಟ್ಟವಳು: ಕಡಬದ ಬಸ್ಸು ಎಷ್ಟು ದಿನ ತಡ, ನಮ್ಮ ಹಲಸಿನ ಮರದಲ್ಲಿ ಯಾವ ವರ್ಷ ಎಷ್ಟು ಕಾಯಿ, ಅಜ್ಜಿ ಒಂದೇ ಕತೆಯನ್ನು ಎಷ್ಟು ಸಲ ಹೇಳಿದಳು. ಇಷ್ಟೆಲ್ಲ ಎಣಿಸಿದ ಮೇಲೆ ಅದರಿಂದ ಏನು ತಿಳಿಯಬಹುದು, ಏನು ತಿಳಿಯಲಾಗದು ಎಂದು ಹೇಳಿಕೊಡುವ ಒಂದು ಶಾಸ್ತ್ರವೇ ಇದೆ ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಲು ಮನಸ್ಸು ಬರಲಿಲ್ಲ. ಕೋಚಿಂಗ್ ಕ್ಲಾಸು ಇದ್ದದ್ದು ಮಂಗಳೂರಿನಲ್ಲಿ. ಬೆಳಿಗ್ಗೆ ಮರ ಕೆತ್ತಿ, ಹಾಲು ತಂದುಕೊಟ್ಟು, ಮಂಗಳೂರಿಗೆ ಹೋಗಿ ಬರುವುದು ಆಗದ ಮಾತು.

ಆಗ ಸಿಕ್ಕಿದ್ದು ಆ ಆಪ್. ಹಾಡು, ಕತೆ, ಸುದ್ದಿ ಎಲ್ಲ ಇರುವ ಆಪ್ ಅದು; ಹಾಡಿಗಾಗಿಯೇ ಫೋನಿನಲ್ಲಿ ಹಾಕಿಕೊಂಡಿದ್ದೆ. ಒಂದು ದಿನ ಬೆರಳು ತಪ್ಪಿ ಕೆಳಗಿನ ಮೂಲೆಯ ಒಂದು ಚೌಕಕ್ಕೆ ತಾಗಿತು. ವಿಶ್ವವಿದ್ಯಾಲಯ ಎಂದು ಬರೆದಿತ್ತು. ತೆರೆದರೆ ದೇಶವಿದೇಶಗಳ ತರಗತಿಗಳು ಸಾಲಾಗಿ ಕುಳಿತಿದ್ದವು. ತಿಮಿಂಗಿಲದ ಕೂಗಿನ ಬಗ್ಗೆ ಹನ್ನೆರಡು ಉಪನ್ಯಾಸ. ಸೇತುವೆಗಳ ಬಗ್ಗೆ ಎಂಟು. ಬ್ರೆಡ್ಡಿನ ಇತಿಹಾಸಕ್ಕೆ ಒಂದು ಇಡೀ ಸೆಮಿಸ್ಟರ್. ಎಲ್ಲ ಉಚಿತ. ಎಲ್ಲೋ ಒಂದು ಕಡೆ ಕೊಕ್ಕೆ ಇರಬೇಕೆಂದು ಹುಡುಕಿದೆ. ಕಾರ್ಡಿನ ನಂಬರು ಕೇಳಲಿಲ್ಲ, ಮಾರ್ಕ್ಸ್ ಕಾರ್ಡು ಕೇಳಲಿಲ್ಲ, ನೀನು ಯಾರ ಮಗಳು ಎಂದು ಕೂಡ ಕೇಳಲಿಲ್ಲ. ಮದುವೆಯೂಟದಲ್ಲಿ ಬೇಡ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸಿ ಹೋಗುವವರಿದ್ದಾರಲ್ಲ, ಹಾಗಿತ್ತು ಅದರ ಔದಾರ್ಯ. ಮೊದಲ ವಾರ ನನ್ನ ಲೆಕ್ಕದಲ್ಲಿ ಶುರು ಮಾಡಿದ ಉಪನ್ಯಾಸ ನಲವತ್ತೊಂದು, ಮುಗಿಸಿದ್ದು ಸೊನ್ನೆ.

ಎರಡನೆಯ ವಾರ ಸಂಖ್ಯಾಶಾಸ್ತ್ರದ ಮೇಷ್ಟ್ರು ಸಿಕ್ಕಿದರು. ಮೂವತ್ತು ಉಪನ್ಯಾಸ, ಬರೇ ಧ್ವನಿ. ವಯಸ್ಸಾದ ಸ್ವರ, ನಡುನಡುವೆ ಕೆಮ್ಮು, ಬೋರ್ಡಿನ ಮೇಲೆ ಸೀಮೆಸುಣ್ಣ ಗೀಚುವ ಸದ್ದು. ಅವರ ಇಂಗ್ಲಿಷು ನಿಧಾನವಾಗಿತ್ತು, ನನಗೆ ಅದೇ ಬೇಕಾಗಿತ್ತು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ದನದ ಹಟ್ಟಿಯ ಹಿಂದೆ, ಅದೂ ಅದರ ಇಷ್ಟ ಬಂದಾಗ. ಹಾಗಾಗಿ ಉಪನ್ಯಾಸಗಳನ್ನು ಇಳಿಸಿಕೊಳ್ಳುತ್ತಿದ್ದುದು ಕಡಬದಲ್ಲಿ, ನಾವು ರಬ್ಬರ್ ಶೀಟು ಮಾರುವ ಹಾಜಿಯವರ ಅಂಗಡಿಯಲ್ಲಿ. ಅಲ್ಲಿ ವೈಫೈ ಇತ್ತು. ಹಾಜಿಯವರು ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಒಂದೊಂದೇ ಶೀಟನ್ನು ಬೆಳಕಿಗೆ ಹಿಡಿದು ನೋಡಿ ತೂಕಕ್ಕೆ ಹಾಕುವ ಹೊತ್ತಿಗೆ ನಾನು ವಾರಕ್ಕಾಗುವಷ್ಟು ಪಾಠ ತುಂಬಿಕೊಳ್ಳುತ್ತಿದ್ದೆ.

"ಎಂತ ಮಗಳೇ, ನಮ್ಮ ವೈಫೈಯನ್ನೆಲ್ಲ ಗೋಣಿಯಲ್ಲಿ ಕಟ್ಟಿ ಕೊಂಡುಹೋಗುದಾ?"

"ಏಳು ಪಾಠ ಅಷ್ಟೇ ಹಾಜಿಯವ್ರೆ."

"ಫ್ರೀ ಅಲ್ವಾ? ಹದಿನಾಲ್ಕು ತೆಕ್ಕೋ. ನಿನ್ನ ಶೀಟಿನಲ್ಲಿ ಗುಳ್ಳೆ ಉಂಟು, ಅದಕ್ಕೆ ಮಾತ್ರ ನಾನು ಸುಮ್ಮನಿರುದಿಲ್ಲ."

ಅಮ್ಮನದ್ದು ಒಂದೇ ನಿಯಮ. ತೋಟದಲ್ಲಿ ಎರಡೂ ಕಿವಿ ಮುಚ್ಚಬಾರದು. ಹಂದಿ ಬರುತ್ತದೆ, ಹಾವು ಸರಿಯುತ್ತದೆ, ಒಣಗಿದ ಗೆಲ್ಲು ಮುರಿಯುವ ಮೊದಲು ಒಂದು ಸದ್ದು ಮಾಡುತ್ತದೆ. "ಒಂದು ಕಿವಿ ಮೇಷ್ಟ್ರಿಗೆ, ಒಂದು ಕಿವಿ ನನಗೆ," ಎಂದು ಅವಳೇ ಎಡಗಿವಿಯ ಇಯರ್‌ಫೋನನ್ನು ಎಳೆದು ನನ್ನ ಅಂಗಿಯ ಒಳಗೆ ತೂರಿಸಿದಳು. ಅಂದಿನಿಂದ ಬಲಗಿವಿ ಮೇಷ್ಟ್ರದ್ದಾಯಿತು.

ನಾವು ಬೇಗ ಹೊಂದಿಕೊಂಡೆವು. ಅವರಲ್ಲಿ ನನಗೆ ಬಹಳ ಹಿಡಿಸಿದ ಗುಣವೆಂದರೆ ಕಾಯುವುದು. ಏನೋ ಒಂದನ್ನು ವಿವರಿಸಿ ಸುಮ್ಮನಾಗುತ್ತಿದ್ದರು. ದೂರದಲ್ಲೆಲ್ಲೋ ಗುಜುಗುಜು, ಹಳೆಯ ರೆಕಾರ್ಡಿಂಗಿನ ಗೊರಗೊರವೆಂದು ನಾನು ತಿಳಿದಿದ್ದೆ. ಆಮೇಲೆ ಅವರು, ಹೌದು, ಆದರೆ ಇನ್ನೊಮ್ಮೆ ಯೋಚಿಸಿ, ಎನ್ನುತ್ತಿದ್ದರು. ಒಬ್ಬಳೇ ಕೇಳುವವಳಿಗೂ ಯೋಚಿಸಲು ಸಮಯ ಕೊಡುವ ಇಂಥ ಮೇಷ್ಟ್ರನ್ನು ನಾನು ಪುತ್ತೂರಿನಲ್ಲಿ ಕಂಡಿರಲಿಲ್ಲ. ಅವರು ಸುಮ್ಮನಾದಾಗ ನಾನು ಜೋರಾಗಿ ಉತ್ತರ ಹೇಳತೊಡಗಿದೆ. ಮರದ ಎದುರು ಕತ್ತಿ ಹಿಡಿದು, "ಇಪ್ಪತ್ತರಲ್ಲಿ ಒಂದು, ಸರ್," ಎಂದ ದಿನ ಎರಡು ಕ್ಷಣ ಬಿಟ್ಟು ಅವರು, ಬಹಳ ಒಳ್ಳೆಯದು, ಎಂದರು. ಆ ದಿನ ಕೆಳಗಿನ ಸಾಲಿನ ಮರಗಳನ್ನೆಲ್ಲ ಓಡಿಕೊಂಡೇ ಮುಗಿಸಿದೆ. ಅವರು ಮೆಚ್ಚಿದ ದಿನಗಳಿಗೂ ದಿನಚರಿಯಲ್ಲಿ ಒಂದು ಕಾಲಂ ಮಾಡಿದೆ. ಕೆಲವು ಸಲ ನಾನು ಸರಿಯಾದ ಉತ್ತರವನ್ನೇ ಹೇಳಿದರೂ ಅವರು, ಅಲ್ಲ, ಎಂದುಬಿಡುತ್ತಿದ್ದರು. ದೊಡ್ಡವರು, ಅವರಿಗೆ ಗೊತ್ತಿರುತ್ತದೆ ಎಂದು ನನ್ನ ಉತ್ತರವನ್ನೇ ತಿದ್ದಿಕೊಂಡೆ.

ಒಮ್ಮೆ ವೇಗ ಹೆಚ್ಚಿಸಿ ನೋಡಿದೆ. ಆಪಿನಲ್ಲಿ ಒಂದೂವರೆ ಪಟ್ಟು ಓಡಿಸುವ ಗುಂಡಿಯಿದೆ. ಮೇಷ್ಟ್ರು ಕೊನೆಯ ಬಸ್ಸು ಹಿಡಿಯುವವರ ಹಾಗೆ ಮಾತಾಡಿದರು, ನನ್ನ ಕತ್ತಿಯೂ ಅವರ ಹಿಂದೆಯೇ ಓಡಿತು. ಅಮ್ಮ ಮಧ್ಯಾಹ್ನ ಬುಡದಲ್ಲಿ ಬಿದ್ದ ತೊಗಟೆಯ ಸಿಪ್ಪೆಯನ್ನು ಹೆಕ್ಕಿ ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು.

"ಇದು ಎಂತ? ದೋಸೆಯಾ?"

ಸಿಪ್ಪೆ ಕಾಗದದ ಹಾಗಿರಬೇಕು. ಅದು ನಿಜಕ್ಕೂ ದೋಸೆಯಷ್ಟು ದಪ್ಪವಿತ್ತು. ಮರುದಿನದಿಂದ ಮೇಷ್ಟ್ರು ಮೊದಲಿನ ನಡಿಗೆಗೆ ಬಂದರು.

ಹದಿನೇಳನೆಯ ಉಪನ್ಯಾಸದಲ್ಲಿ ನನಗೆ ಕಷ್ಟ ಶುರುವಾಯಿತು. ಅದಕ್ಕೆ ಮೊದಲೇ ನಾನು ಮರಗಳ ಲೆಕ್ಕ ಇಡುತ್ತಿದ್ದೆ: ಯಾವ ಮರದ ಗೆರಟೆ ತುಂಬಿತು, ಯಾವುದು ಅರ್ಧ, ಯಾವುದು ತಳ ಮಾತ್ರ. ಅದರಲ್ಲಿ ಒಂದು ವಿಚಿತ್ರ ಕಂಡಿತ್ತು. ಸೋಮವಾರ ತುಂಬಿ ತುಳುಕಿದ ಮರಗಳಲ್ಲಿ ಹೆಚ್ಚಿನವು ಬುಧವಾರ ಸ್ವಲ್ಪ ಕೆಳಗಿಳಿಯುತ್ತಿದ್ದವು. ಅಮ್ಮನಿಗೆ ಹೇಳಿದೆ.

"ದೃಷ್ಟಿ," ಅಂದಳು.

"ಯಾರದ್ದು? ಅಲ್ಲಿಗೆ ಯಾರೂ ಬರುದಿಲ್ಲ."

"ನಿನ್ನದ್ದೇ. ತುಂಬಿದ ಗೆರಟೆಯನ್ನು ನಿಂತು ನೋಡಿ ಬರೆದಿಡ್ತಿ ಅಲ್ವಾ? ಮತ್ತೆ ಇಳಿಯದೆ ಎಂತ ಮಾಡ್ತದೆ."

ನನಗೆ ಅನಿಸಿದ್ದು, ಮರ ದಣಿಯುತ್ತದೆ. ಹೆಚ್ಚು ಕೊಟ್ಟದ್ದು ಸುಸ್ತಾಗಿ ಮರುಸಲ ಕಡಿಮೆ ಕೊಡುತ್ತದೆ. ಮೇಷ್ಟ್ರು ಆ ಪಾಠದಲ್ಲಿ ಇಂಥದ್ದನ್ನೇ ಹೇಳುತ್ತಿದ್ದಾರೆಂದು ಕಿವಿ ನೆಟ್ಟಗಾಯಿತು. ಮೊದಲ ಸಲ ತೀರಾ ಮೇಲಿದ್ದವರು ಎರಡನೆಯ ಸಲ ಕೆಳಗಿಳಿಯುತ್ತಾರೆ ಎಂದರು. ಸುಮ್ಮನಾದರು. ನಾನು, "ದಣಿದು, ಸರ್," ಎಂದೆ. ಅವರು, ಅಲ್ಲ, ಅದು ಅಹಂಕಾರ ಅಲ್ಲ, ಎಂದರು. ಅಹಂಕಾರದ ಮಾತು ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಮತ್ತೆ ಮೌನ. ಆಗಲೂ ಇಳಿಯುತ್ತಾರೆ, ಎಂದರು. ಆಗಲೂ ಎಂದರೆ ಯಾವಾಗ? ಆಮೇಲೆ ಶಕ್ತಿ, ಅದೃಷ್ಟ ಎಂದು ಏನೋ ಹೇಳಿದರು, ಯಾವುದರ ಮಾತೆಂದು ಹೊಳೆಯಲಿಲ್ಲ. ನಾನು ಆ ಭಾಗವನ್ನು ಆರು ಸಲ ಕೇಳಿದೆ. ರಬ್ಬರ್ ಮರಕ್ಕೆ ಅಹಂಕಾರವಿಲ್ಲ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಕೊನೆಗೆ ಮರ ದಣಿಯುತ್ತದೆ ಎಂದೇ ಬರೆದುಕೊಂಡು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದೆ.

ಮೇ ಕೊನೆಯಲ್ಲಿ ಮೊದಲ ದೊಡ್ಡ ಮಳೆಗೆ ಒಂದೆರಡು ದಿನ ಇರುವಾಗ ಮೂವತ್ತನೆಯ ಉಪನ್ಯಾಸವೂ ಮುಗಿಯಿತು. ಕೊನೆಯ ಮರದ ಹತ್ತಿರ ಮೇಷ್ಟ್ರು ಎಲ್ಲರಿಗೂ ಶುಭವಾಗಲಿ ಎಂದರು. ಎಲ್ಲರಿಗೂ ಎಂದದ್ದು ಅವರ ದೊಡ್ಡತನವೆಂದು ನಾನು ಭಾವಿಸಿದೆ. ಸಂತೋಷಕ್ಕೆ ತಲೆ ಕೊಡವಿದ್ದೇ ತಡ, ಇಯರ್‌ಫೋನು ಕಿವಿಯಿಂದ ಹಾರಿ ಬಕೆಟಿನ ಹಾಲಿಗೆ ಬಿತ್ತು. ಹೊರಗೆ ತೆಗೆಯುವಾಗ ಅದು ಬಿಳಿ ಶ್ಯಾವಿಗೆಯ ಮುದ್ದೆಯಾಗಿತ್ತು.

"ಪಾಪ, ನಿನ್ನ ಮೇಷ್ಟ್ರು ಹಾಲಿಗೆ ಬಿದ್ದ," ಎಂದು ಅಮ್ಮ ಸಂಜೆವರೆಗೆ ನಕ್ಕಳು. "ಶೀಟು ಮಾಡಿ ಒಣಗಿಸುದಾ ಅವನನ್ನೂ?"

ಆ ವಾರ ವರ್ಷದ ಕೊನೆಯ ಶೀಟುಗಳನ್ನು ಹಾಜಿಯವರ ಅಂಗಡಿಗೆ ಕೊಂಡುಹೋದೆ. ನಮ್ಮ ಮರಗಳಿಗೆ ಮಳೆಗಾಲದ ಪ್ಲಾಸ್ಟಿಕ್ ಕಟ್ಟಿರಲಿಲ್ಲ, ಇನ್ನು ಮಳೆ ಬಿಡುವವರೆಗೆ ಟ್ಯಾಪಿಂಗ್ ಇಲ್ಲ. ಪರೀಕ್ಷೆಗೆ ಮೂರು ವಾರ ಇತ್ತು. ಹದಿನೇಳನೆಯ ಪಾಠ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಇದ್ದೇ ಇತ್ತು. ಇಯರ್‌ಫೋನಿಲ್ಲದ ಕಾರಣ ಅಂಗಡಿಯ ಸ್ಪೀಕರಿನಲ್ಲಿ ಒಮ್ಮೆ ಹಾಕಬಹುದೇ ಎಂದು ಹಾಜಿಯವರನ್ನು ಕೇಳಿದೆ.

"ಹಾಕು ಹಾಕು. ಇವತ್ತು ಗಿರಾಕಿಯೂ ಇಲ್ಲ. ನಾನೂ ಸ್ವಲ್ಪ ಕಾಲೇಜಿಗೆ ಹೋದ ಹಾಗೆ ಆಗ್ತದೆ."

ಮೇಷ್ಟ್ರು ಅಂಗಡಿ ತುಂಬಿದರು. ಹಾಜಿಯವರು ಶೀಟು ನೋಡುತ್ತ ಕೇಳುತ್ತಿದ್ದರು. "ಇಷ್ಟು ನಿಧಾನ ಮಾತಾಡುವವನಿಗೆ ಸಂಬಳ ಯಾರು ಕೊಡುದು ಮಾರಾಯ್ತಿ," ಎಂದು ಒಮ್ಮೆ ಗೊಣಗಿದರು. ಮೇಷ್ಟ್ರು ಆ ಜಾಗಕ್ಕೆ ಬಂದು ಸುಮ್ಮನಾದರು. ಆಗ ನನ್ನ ಬೆನ್ನ ಹಿಂದಿನಿಂದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ತಿರುಗಿ ನೋಡಿದೆ. ರಬ್ಬರ್ ಶೀಟಿನ ಅಟ್ಟಿ, ಅದರ ಮೇಲೆ ಒಂದು ಬೆಕ್ಕು, ಅದರ ಪಕ್ಕದಲ್ಲಿ ಸ್ಪೀಕರು.

"ಆ ಹುಡುಗಿ ಕೇಳಿದ್ದು ಸರಿ ಅಲ್ವಾ?" ಎಂದರು ಹಾಜಿಯವರು. "ಹೊಗಳಿದ ಮೇಲೆ ಮಕ್ಕಳಿಗೆ ಅಹಂಕಾರ ಬಂದೇ ಬರ್ತದೆ. ನನ್ನ ಮೊಮ್ಮಗನನ್ನು ನೋಡು."

"ಯಾವ ಹುಡುಗಿ ಹಾಜಿಯವ್ರೆ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಕ್ಲಾಸಿನಲ್ಲಿ ಇರುವವಳು. ನೀನು ಇದನ್ನು ದಿನಾ ಕೇಳುದಲ್ವಾ?"

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಮತ್ತೆ ಕೇಳಿದಳು. ಆಮೇಲೆ ಇನ್ನೊಬ್ಬ ಹುಡುಗ ಕೇಳಿದ, ಯಾರೋ ನಕ್ಕರು, ಕುರ್ಚಿ ಸರಿಯಿತು. ಮೇಷ್ಟ್ರ ಮೈಕಿನ ಧ್ವನಿಯೆಲ್ಲ ಬಲಗಿವಿಗೆ, ವಿದ್ಯಾರ್ಥಿಗಳ ಮೈಕಿನದ್ದೆಲ್ಲ ಎಡಗಿವಿಗೆ ಬರುವ ಹಾಗೆ ರೆಕಾರ್ಡ್ ಮಾಡಿದ್ದರು. ಎಡಗಿವಿ ಇಷ್ಟು ದಿನ ಅಮ್ಮನದ್ದಾಗಿತ್ತು. ಒಂದು ತರಗತಿಯಷ್ಟು ಮಕ್ಕಳು ನನ್ನ ಅಂಗಿಯೊಳಗೆ ಕುಳಿತು ಪ್ರಶ್ನೆ ಕೇಳುತ್ತಿದ್ದರು.

ನನಗೆ ಬೇಸರವಾಗಬೇಕಿತ್ತು. ಇಪ್ಪತ್ತರಲ್ಲಿ ಒಂದು ಎಂದದ್ದಕ್ಕೆ ಮೇಷ್ಟ್ರು ಮೆಚ್ಚಿದ್ದು ನನ್ನನ್ನಲ್ಲ. ಅವರು ಅಲ್ಲ ಎಂದಾಗ ನಾನು ತಿದ್ದಿಕೊಂಡ ಸರಿ ಉತ್ತರಗಳು ಎಷ್ಟೋ. ಆದರೆ ಬಂದದ್ದು ನಗು, ತಡೆಯಲಾಗದ ನಗು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಾಜಿಯವರಿಗೆ ಹೇಗೋ ವಿಷಯ ಹೇಳಿದೆ. ಅವರು ಶೀಟನ್ನು ಕೆಳಗಿಟ್ಟು, "ಹಾಗಾದ್ರೆ ನೀನು ಉತ್ತರ ಮಾತ್ರ ಕಲ್ತದ್ದು," ಎಂದು ಅವರೂ ಶುರುಮಾಡಿದರು. ಬೆಕ್ಕು ಎದ್ದು ಹೊರಗೆ ಹೋಯಿತು.

ನಗು ನಿಂತ ಮೇಲೆ ಲೆಕ್ಕ ಹಾಕಿದೆ. ಮೂವತ್ತು ಪಾಠದ ಅರ್ಧ ಬಾಕಿ, ಇರುವುದು ಮೂರು ವಾರ, ಈ ಸಲ ತಪ್ಪಿದರೆ ಬಿ.ಎಡ್. ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ. ಹೊಸ ಇಯರ್‌ಫೋನು ಕೊಂಡು ಮನೆಗೆ ಬಂದೆ. ಮೊದಲ ದಿನ ಮೇಜಿನ ಎದುರು ಕುಳಿತು ಎರಡೂ ಕಿವಿಗೆ ಹಾಕಿ ಕೇಳಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ. ದಿನಾ ನಡೆಯುತ್ತ ಕಲಿತವಳು ಕುಳಿತುಕೊಂಡರೆ ಪಾಠವೂ ಕುಳಿತುಬಿಡುತ್ತದೆ. ಯಾವ ಸೂತ್ರ ನೆನಪಾದರೂ ಅದರ ಜೊತೆ ಒಂದು ಮರ ನೆನಪಾಗುತ್ತಿತ್ತು: ಬಾಗಿದ ಮರ, ಚಗಳಿ ಇರುವೆಯ ಗೂಡಿನ ಮರ, ಗಾಳಿಗೆ ತಲೆ ಹೋದ ಮರ.

ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಗುಡ್ಡೆಗೆ ಹೋದೆ. ಕತ್ತಿಯಿಲ್ಲ, ಬಕೆಟಿಲ್ಲ. ಮೊದಲನೆಯ ಮರದ ಬುಡದಲ್ಲಿ ನಿಂತು ಫೋನು ಒತ್ತಿ, ಬರಿಗೈಯಲ್ಲಿ ತೊಗಟೆಯ ಮೇಲೆ ಗೆರೆ ಎಳೆದು, ಎರಡನೆಯದಕ್ಕೆ ನಡೆದೆ. ಮಳೆ ಹೊಯ್ಯುತ್ತಿತ್ತು. ಹಂದಿಗೂ ಹೊರಗೆ ಬರಲು ಮನಸ್ಸಾಗದ ಮಳೆ ಎಂದು ಅಮ್ಮ ಆ ದಿನಗಳ ಮಟ್ಟಿಗೆ ನಿಯಮ ಸಡಿಲಿಸಿದ್ದಳು. ದಿನಕ್ಕೆ ಎರಡು ಪಾಠ, ಮೇಲಿನ ಸಾಲಿನಲ್ಲಿ ಒಂದು, ಕೆಳಗಿನದ್ದರಲ್ಲಿ ಒಂದು.

ಮೂರನೆಯ ದಿನ ಆಚೆಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ನೋಡಿದರು.

"ಎಂತದು ಮಾರಾಯ್ತಿ, ಮಳೆಗೆ ಟ್ಯಾಪಿಂಗಾ?"

"ಅಲ್ಲ ಅಕ್ಕ, ಓದುದು."

"ಪುಸ್ತಕ ಎಲ್ಲಿ?"

ನಾನು ಮರ ತೋರಿಸಿದೆ. ಅವರು ಇನ್ನೇನೂ ಕೇಳದೆ ನೇರ ನಮ್ಮ ಮನೆಗೆ ಹೋಗಿ ಅಮ್ಮನ ಹತ್ತಿರ, "ಹುಡುಗಿಗೆ ಸ್ವಲ್ಪ ತಲೆಗೆ ಎಣ್ಣೆ ಹಾಕಿ," ಎಂದು ಹೇಳಿ ಹೋದರಂತೆ. ಅಮ್ಮ ನಿಜವಾಗಿ ಎಣ್ಣೆ ಬಿಸಿ ಮಾಡಿ ಇಟ್ಟಿದ್ದಳು.

ಆ ಹುಡುಗಿಯ ಪರಿಚಯ ನನಗೆ ಆದದ್ದು ಆ ಮಳೆಯಲ್ಲಿ. ಹೆಸರು ಗೊತ್ತಿಲ್ಲ, ಸ್ವರ ಗೊತ್ತು. ಎಲ್ಲ ಪಾಠಗಳಲ್ಲೂ ಇರುತ್ತಿದ್ದಳು. ನನಗೆ ಎಲ್ಲಿ ತಪ್ಪುತ್ತಿತ್ತೋ ಅವಳಿಗೂ ಅಲ್ಲೇ ತಪ್ಪುತ್ತಿತ್ತು, ಆದರೆ ಅವಳು ಕೇಳುತ್ತಿದ್ದಳು, ಉಳಿದವರು ನಕ್ಕರೂ ಬಿಡುತ್ತಿರಲಿಲ್ಲ. ಹದಿನೇಳನೆಯ ಪಾಠದಲ್ಲಿ ಅವಳದ್ದು ಮೂರು ಪ್ರಶ್ನೆ. ಮೊದಲ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ತೆಗೆದವರು ಎರಡನೆಯದರಲ್ಲಿ ಇಳಿದರೆ, ಹೊಗಳಿಕೆಯಿಂದ ಅಹಂಕಾರ ಬಂದದ್ದಲ್ಲವೇ? ಹಾಗಾದರೆ ಸುಸ್ತಾಗಿರಬಹುದೇ? ಯಾರೂ ಹೊಗಳದೆ, ಯಾರೂ ಸುಸ್ತಾಗದೆ ಇದ್ದರೆ?

ಆಗಲೂ ಇಳಿಯುತ್ತಾರೆ, ಎಂದರು ಮೇಷ್ಟ್ರು. ತೀರಾ ಮೇಲೆ ಹೋದವರಲ್ಲಿ ಅವರ ಶಕ್ತಿಯ ಜೊತೆಗೆ ಆ ದಿನದ ಅದೃಷ್ಟವೂ ಸ್ವಲ್ಪ ಇತ್ತು. ಶಕ್ತಿ ಮರುದಿನವೂ ಬರುತ್ತದೆ, ಅದೃಷ್ಟ ಪ್ರತಿ ಸಲ ಬರುವುದಿಲ್ಲ.

ನಾನು ಗಾಳಿಗೆ ತಲೆ ಹೋದ ಮರದ ಎದುರು ನಿಂತಿದ್ದೆ. ಮರ ದಣಿದದ್ದಲ್ಲ, ದೃಷ್ಟಿಯೂ ಅಲ್ಲ. ಸೋಮವಾರದ ತುಂಬಿದ ಗೆರಟೆಗಳನ್ನು ಮಾತ್ರ ಆರಿಸಿ ನೋಡಿದ್ದು ನಾನೇ. ಹಾಗೆಯೇ ತಳ ಮಾತ್ರ ಇದ್ದ ಮರಗಳನ್ನು ಆರಿಸಿದ್ದರೆ ಅವು ಬುಧವಾರ ಮೇಲೇರಿರಬೇಕು. ಓಡಿಹೋಗಿ ದಿನಚರಿ ತೆಗೆದು ನೋಡಿದೆ. ಹೆಚ್ಚಿನವು ಏರಿದ್ದವು. ಒದ್ದೆ ಕೊಡೆಯೊಂದಿಗೆ ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಾಗಾದ್ರೆ ದೃಷ್ಟಿಯಲ್ಲಿ ಏರುದೂ ಉಂಟು," ಎಂದಳು.

ಪರೀಕ್ಷೆ ಪುತ್ತೂರಿನ ಒಂದು ಕಾಲೇಜಿನಲ್ಲಿತ್ತು. ಉಪ್ಪಿನಂಗಡಿಯಲ್ಲಿ ಕೂಡುವ ಎರಡೂ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದವು, ಬಸ್ಸಿನಲ್ಲಿದ್ದವರೆಲ್ಲ ಒಂದೇ ಬದಿಗೆ ವಾಲಿ ನೋಡಿದರು. ನಾನು ಮಾತ್ರ ಕಣ್ಣು ಮುಚ್ಚಿ ತೋಟದ ಮೇಲಿನ ಸಾಲಿನಲ್ಲಿ ನಡೆಯುತ್ತಿದ್ದೆ.

ಅರ್ಧ ಪತ್ರಿಕೆ ದಾಟಿದ ಮೇಲೆ ಒಂದು ಪ್ರಶ್ನೆ. ಒಂದು ವರ್ಷ ಅತಿ ಹೆಚ್ಚು ಅಪಘಾತವಾದ ತಿರುವುಗಳನ್ನು ಆರಿಸಿ ಅಲ್ಲಿ ಎಚ್ಚರಿಕೆಯ ಬೋರ್ಡು ಹಾಕಿದರು. ಮರುವರ್ಷ ಆ ತಿರುವುಗಳಲ್ಲಿ ಅಪಘಾತ ಕಡಿಮೆಯಾಯಿತು. ಬೋರ್ಡಿನಿಂದಲೇ ಕಡಿಮೆಯಾಯಿತೆಂದು ಹೇಳಬಹುದೇ? ಕಾರಣ ಕೊಡಿ. ಎಡಗಿವಿಯಲ್ಲಿ ಅವಳು ಕೇಳಿದಳು: ಬೋರ್ಡೇ ಹಾಕದಿದ್ದರೆ? ಬಲಗಿವಿಯಲ್ಲಿ ಕೆಮ್ಮು, ಆಮೇಲೆ ಉತ್ತರ. ನನ್ನ ಕೈ ತಾನಾಗಿ ಮೇಜಿನ ಅಂಚಿನಲ್ಲಿ ತೊಗಟೆ ಕೆತ್ತುತ್ತಿತ್ತು. ಮೇಲ್ವಿಚಾರಕಿ ಬಂದು ಬಗ್ಗಿ ನೋಡಿ, ಅಲ್ಲಿ ಏನೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು. ನಾನು ಕಾಗದ ಕೇಳಿ ಒಂದು ಪುಟ ಪೂರ್ತಿ ಬರೆದೆ.

ಸೀಟು ಸಿಕ್ಕಿತು. ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯವಳು, ಆದರೆ ಪಟ್ಟಿಯ ಒಳಗೆ. ಹಟ್ಟಿಯ ಹಿಂದೆ ನಿಂತು ಫೋನಿನಲ್ಲಿ ನೋಡಿದ್ದು. ದನ ಹೆದರುವಷ್ಟು ಕುಣಿದೆ. ಅಮ್ಮ ಬಿ.ಎಡ್. ಒಪ್ಪಂದದ ಪುಟ ತರಿಸಿ ತಾನೇ ಅಡ್ಡಗೆರೆ ಎಳೆದಳು, ಎರಡು ಗೆರೆ, ಒಂದು ಸಾಲದೆಂದು.

ಮರುದಿನ ಕಡಬಕ್ಕೆ ಹೋದೆ. ಮಾರಲು ಶೀಟಿರಲಿಲ್ಲ, ಹಾಜಿಯವರಿಗೆ ಹೇಳಲು ಮಾತ್ರ. ಅವರು ಎದ್ದು ನಿಂತು ಕೇಳಿದರು, ಅಂಗಡಿಗೆ ಬಂದಿದ್ದ ಇಬ್ಬರಿಗೂ ಹೇಳಿದರು, ಪಕ್ಕದ ಬೇಕರಿಯವರನ್ನು ಕರೆದು ಎರಡು ಲಡ್ಡು ಕಟ್ಟಿಸಿದರು. ಆಮೇಲೆ ಏನೋ ನೆನಪಾದವರ ಹಾಗೆ ಕೇಳಿದರು.

"ಆ ಹುಡುಗಿಗೆ ಸಿಕ್ಕಿತಾ?"

"ಯಾವ ಹುಡುಗಿ ಹಾಜಿಯವ್ರೆ?" ಎಂದು ಕೇಳಿದ ಮೇಲೆ ನನಗೇ ಗೊತ್ತಾಯಿತು. "ಅವಳದ್ದು ಯಾವಾಗಲೋ ಮುಗಿದಿರಬೇಕು. ಹಳೇ ರೆಕಾರ್ಡಿಂಗ್ ಅದು."

"ಮುಗಿಯದೆ ಎಂತ. ಅಷ್ಟು ಕೇಳ್ತಿದ್ದವಳು," ಎಂದರು. ಪೊಟ್ಟಣವನ್ನು ನನ್ನ ಕೈಗಿಟ್ಟರು. "ಒಂದು ನಿನಗೆ. ಇನ್ನೊಂದು ಅವಳದ್ದು."

ಬಸ್ಸಿನಲ್ಲಿ ಎಡಬದಿಯ ಕಿಟಕಿಯ ಹತ್ತಿರ ಕುಳಿತು ನನ್ನದನ್ನು ತಿಂದೆ. ಸ್ವಲ್ಪ ದೂರ ಹೋದ ಮೇಲೆ ಅವಳದ್ದನ್ನೂ ತಿಂದೆ. ದಿನಚರಿಯಲ್ಲಿ ಆ ದಿನ ಲಡ್ಡು ಎರಡು ಎಂದಿದೆ, ಬೇರೆ ಬೇರೆ ಕಾಲಂನಲ್ಲಿ.